ಹಸಿರು ಪರದೆಯ ಮುಂದೆ ಕುಬಸ

ಶರಣಬಸವನಿಗೆ ಹಸಿರು ಪರದೆಯ ಹುಚ್ಚು ಹಿಡಿದದ್ದು ಎರಡು ಸಾವಿರದ ನಾಲ್ಕರಲ್ಲಿ. ಶಿವಾಜಿನಗರದ ಬಷೀರನ ಮದುವೆ ವಿಡಿಯೋ ಅಂಗಡಿಯಲ್ಲಿ ಅವನು ಲೈಟು ಹಿಡಿಯುವವನು. ಹಸಿರು ಬಟ್ಟೆಯ ಮುಂದೆ ನಿಂತ ಮದುಮಕ್ಕಳನ್ನು ಬಷೀರ್ ಕಂಪ್ಯೂಟರಿನಲ್ಲಿ ಕೂತಲ್ಲೇ ಕಾಶ್ಮೀರಕ್ಕೆ ಕಳಿಸುತ್ತಿದ್ದ. ಹಸಿರು ಅಳಿಸು, ಹಿಂದೆ ಬೇಕಾದ ಚಿತ್ರ ಇಡು. ಇಷ್ಟೇ ವಿದ್ಯೆ ಅಂದುಕೊಂಡನಲ್ಲ ನಮ್ಮ ಪುಣ್ಯಾತ್ಮ ಶರಣಬಸವ, ಅಲ್ಲೇ ಕೆಟ್ಟಿತು.

ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಲ್ಲಿ ಹೆಂಡತಿ ಜಯಮಾಲಾ ಏಳು ತಿಂಗಳ ಬಸುರಿ. ಸೀಮಂತದ ಶಾಸ್ತ್ರ ಕುಬಸ ತವರಲ್ಲೇ ಆಗಬೇಕಿತ್ತು. ಆದರೆ ಅವಳ ತಾಯಿ ಅಯ್ಯಮ್ಮ ಕಲಬುರಗಿ ಕಡೆಯ ಹಳ್ಳಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದಳು. ಶಾಸ್ತ್ರದ ಹಸಿರು ಸೀರೆ, ಹಸಿರು ಬಳೆ ಕಳಿಸಿ, "ನಮ್ಮ ಹಣಮಪ್ಪನ ಗುಡಿ ಮುಂದ ನಿನ್ನ ಉಡಿ ತುಂಬೂದು ನೋಡಬೇಕಂತಿದ್ದೆ, ನನ್ನ ಹಣ್ಯಾಗ ಬರದಿಲ್ಲ" ಎಂದು ಫೋನಿನಲ್ಲಿ ಅತ್ತಳು.

"ಅಳಬ್ಯಾಡ್ರಿ ಅತ್ತಿ, ನಾ ತೋರಸ್ತೀನಿ" ಎಂದ ಶರಣಬಸವ.

ಬಷೀರನ ಕ್ಯಾಮೆರಾ ಬೇಡಿ ತಂದು, ಗೋಡೆಗೆ ಹಸಿರು ಬಟ್ಟೆ ಬಡಿದ. ತವರಿನ ಸೀರೆ ಉಟ್ಟು, ಬಳೆ ತೊಟ್ಟು ಕೂತ ಜಯಮಾಲಾಳ ಉಡಿಗೆ ನೆರೆಮನೆಯ ಸುಭದ್ರಮ್ಮ ಅಕ್ಕಿ, ತೆಂಗಿನಕಾಯಿ ಹಾಕಿ ಆರತಿ ಎತ್ತಿದಳು.

ಮರುದಿನ ಅಂಗಡಿಯಲ್ಲಿ ಕೂತು ಹಸಿರು ಅಳಿಸಿದ. ಹಿಂದೆ ಊರಲ್ಲಿ ತೆಗೆದಿಟ್ಟಿದ್ದ ಹಣಮಪ್ಪನ ಗುಡಿಯ ಫೋಟೋ ಬಂತು. ಸೀರೆ ಹೋಯಿತು, ಬಳೆ ಹೋದವು. ಗುಡಿಯ ಮುಂದೆ ಒಂದು ಮುಖ, ಎರಡು ಕೈ, ಗಾಳಿಯಲ್ಲಿ ನಿಂತ ತೆಂಗಿನಕಾಯಿ!

"ಅರೇ ಪಾಗಲ್, ಗ್ರೀನ್ ಮುಂದೆ ಗ್ರೀನ್ ಸೀರೆ ಉಡಿಸ್ತಾರೇನೋ?" ಬಷೀರ್ ಬಿದ್ದು ಬಿದ್ದು ನಕ್ಕ. "ನೀಲಿ ಬಟ್ಟೆ ಕೊಡ್ತೀನಿ, ಇನ್ನೊಂದ್ಸಲ ಮಾಡು."

ಕೆಟ್ಟದ್ದನ್ನು ಇಟ್ಟುಕೊಂಡು ಏನು ಮಾಡುವುದು? ಆ ಟೇಪಿನ ಮೇಲೆ ಶರಣಬಸವನೇ ಯಾರದೋ ಮದುವೆ ತುಂಬಿಸಿದ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಲ್ಲಿದ್ದ ಮೂಲ ಪ್ರತಿಯನ್ನೂ ಅಳಿಸಿದ. ಹೆಂಡತಿಯನ್ನು ನಗಿಸಲೆಂದು ಆ ಅರೆಬರೆ ವಿಡಿಯೋವನ್ನು ಮಾತ್ರ ಸಿಡಿಗೆ ಹಾಕಿಕೊಂಡ. ಅವಳು ನಕ್ಕಳು ಕೂಡ: "ನನ್ನ ಹೊಟ್ಟಿ ಎಲ್ಲಿ ಬಚ್ಚಿಟ್ರಿ?"

ನೀಲಿ ಬಟ್ಟೆ ಗೋಡೆ ಏರುವ ಮೊದಲೇ ನೋವು ಬಂತು. ಜಯಮಾಲಾಳೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಥೂ, ಇಂಥ ಗಳಿಗೆಯನ್ನು ಏನೆಂದು ಬೈಯುವುದು!

ಕಾಲು ಕೂಡಿದ ಮೇಲೆ ಅಯ್ಯಮ್ಮ ಕೋಲೂರಿಕೊಂಡು ಬಂದಳು. "ತೋರಸ್ತೀನಿ ಅಂದಿದ್ಯಲ್ಲೋ" ಎಂದು ಹಠ ಹಿಡಿದಳು. ಬೇರೇನೂ ಇರಲಿಲ್ಲ, ಅವನು ಅದೇ ಸಿಡಿ ಹಾಕಿದ.

ಮಗಳ ಹೊಟ್ಟೆ ಇರಬೇಕಾದ ಕಡೆ ಅಯ್ಯಮ್ಮ ಟಿವಿಯ ಗಾಜು ಸವರಿದಳು. ಬೆರಳಿಗೆ ಗುಡಿಯ ಮೆಟ್ಟಿಲು ಅಡ್ಡ ಬಂದವು.

"ಗುಡಿ ನಾ ದಿನಾ ನೋಡ್ತೀನೋ ಯಪ್ಪಾ. ಅದನ್ನ ಸರಸು. ಅದರ ಹಿಂದ ನನ್ನ ಮಗಳು ಅದಾಳ."

ಗುಡಿಯ ಹಿಂದೆ ಏನೂ ಉಳಿದಿಲ್ಲ ಎಂದು ಗೊತ್ತಿದ್ದೂ ಶರಣಬಸವ ಸಿಡಿಯನ್ನು ಮತ್ತೆ ಮೊದಲಿನಿಂದ ಹಾಕಿದ.