ಶರಣಪ್ಪನವರ ಹೆಸರು ನಂಬರ್ ಒನ್ ಆದದ್ದು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬುದು ನನಗೇ ಖಾತ್ರಿಯಿಲ್ಲ. ಸುಮ್ಮನಿರಬಹುದಿತ್ತು. ಆದರೆ ಜಹೀರಾಬಾದಿನ ಒಂದು ಮನೆಯಲ್ಲಿ ಒಂಬತ್ತು ವರ್ಷದ ಮೌನ ಮುರಿದದ್ದು ಒಂದು ಹಿಪ್‌ಹಾಪ್ ಹಾಡಿನಿಂದ. ಆ ಹಾಡಿನಲ್ಲಿ ನನ್ನದೂ ಪಾಲಿದೆ ಎಂದು ನಾನು ಮೂರು ಊರುಗಳಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಈಗ ಲೆಕ್ಕ ಒಪ್ಪಿಸಬೇಕಲ್ಲ?

ಮನೆ ನನ್ನ ದೊಡ್ಡವ್ವನದು. ಅಂದರೆ ತಾಯಿಯ ಅಕ್ಕ. ದೊಡ್ಡಪ್ಪ ಶರಣಪ್ಪನವರು ಬಸ್ ಡಿಪೋದಲ್ಲಿ ಗುಮಾಸ್ತರು. ನನ್ನ ತಂಗಿಯ ಮದುವೆ ತಾಂಡೂರಿನಲ್ಲಿ ಆದಾಗ, ಪಂಕ್ತಿಯಲ್ಲಿ ಹತ್ತು ಜನರೆದುರು ಅವರು ಹೆಂಡತಿಗೆ, 'ನಿನ್ನಕಿಂತ ನಿನ್ನ ತಂಗಿ ರೊಟ್ಟಿ ಮೆತ್ತಗ' ಎಂದರಂತೆ. (ಆ ತಂಗಿ ನನ್ನ ತಾಯಿ. ರೊಟ್ಟಿ ನಿಜಕ್ಕೂ ಮೆತ್ತಗೆ. ಈ ಜಗಳದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.) ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮಾತಿಲ್ಲ ಅಂದರೆ ಸಂಸಾರ ನಿಂತಿತು ಎಂದಲ್ಲ. ಮಗ ಸಂಗಮೇಶನಿದ್ದನಲ್ಲ! 'ನಿಮ್ಮಪ್ಪಗ ಹೇಳು, ಚಾ ಆಗ್ಯಾದ.' 'ನಿಮ್ಮವ್ವಗ ಹೇಳು, ಸಕ್ಕರಿ ಕಮ್ಮಿ ಆಗ್ಯಾದ.' ಮೂರು ಮಾರು ಉದ್ದದ ಪಡಸಾಲೆಯಲ್ಲಿ ಈ ಸಂದೇಶಗಳು ಅವನ ಮೂಲಕವೇ ಹೋಗಿಬರಬೇಕು. ಯಾರು ಮೊದಲು ಮಾತಾಡುತ್ತಾರೋ ಅವರು ಸೋತಂತೆ. ಇಬ್ಬರೂ ಹಟದಲ್ಲಿ ಒಬ್ಬರಿಗಿಂತ ಒಬ್ಬರು ಗಟ್ಟಿ.

ಅಷ್ಟರಲ್ಲಿ ತೆಲಂಗಾಣಕ್ಕಾಗಿ ದೊಡ್ಡ ಮುಷ್ಕರ ಬಂತು. ಬಸ್ಸು ಬಂದ್, ಆಫೀಸು ಬಂದ್, ನಾನು ಪಾಠ ಹೇಳುವ ಕಾಲೇಜೂ ಬಂದ್. ಡಿಪೋಗೆ ಹೋಗುವಂತಿಲ್ಲದ ದೊಡ್ಡಪ್ಪ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ. ರಾಜ್ಯ ಒಡೆಯುತ್ತದೋ ಇಲ್ಲವೋ ದಿಲ್ಲಿಯವರಿಗೆ ಗೊತ್ತು; ಸಂಗಮೇಶನ ತಲೆ ಮಾತ್ರ ಒಡೆಯುವುದು ಖಂಡಿತವಿತ್ತು. ಅವನು ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಮೊಬೈಲ್ ಅಂಗಡಿಗೆ ಓಡಿಹೋಗಿ ಶಟರ್ ಅರ್ಧ ಎಳೆದುಕೊಂಡು ಕೂತುಬಿಟ್ಟ. ಹೋಟೆಲುಗಳೂ ಮುಚ್ಚಿದ್ದರಿಂದ ದೊಡ್ಡವ್ವ ಮಧ್ಯಾಹ್ನ ರೊಟ್ಟಿ ಕಟ್ಟಿಕೊಂಡು ಅಲ್ಲಿಗೇ ಹೋಗುತ್ತಿದ್ದಳು.

ಗಿರಾಕಿಯಿಲ್ಲದ ಅಂಗಡಿಯಲ್ಲಿ ಕಂಪ್ಯೂಟರ್ ಇದ್ದರೆ ಏನಾಗುತ್ತದೆ? ಹಾಡು ಹುಟ್ಟುತ್ತದೆ. ದೊಡ್ಡವ್ವ ರೊಟ್ಟಿ ಬಡಿಯುವ ಸಪ್ಪಳವನ್ನು ಸಂಗಮೇಶ ಮೊಬೈಲಿನಲ್ಲಿ ಹಿಡಿದ. ಅದೇ ಬೀಟ್. ಪಟ ಪಟ ಪಟ್, ಪಟ ಪಟ ಪಟ್. ಅದರ ಮೇಲೆ ಕನ್ನಡ, ತೆಲುಗು, ದಖನಿ ಉರ್ದು ಮೂರನ್ನೂ ಕಲಸಿ ತಾನೇ ರ‍್ಯಾಪ್ ಮಾಡಿದ. ಕರೆಂಟಿಲ್ಲ, ಬಸ್ಸಿಲ್ಲ, ನೆಟ್‌ವರ್ಕಿಲ್ಲ, ಇತ್ಯಾದಿ. ನಡುನಡುವೆ ದೊಡ್ಡವ್ವನ ದನಿಯಲ್ಲಿ ಒಂದು ಒಡಪು. ಗಂಡನ ಹೆಸರನ್ನು ಹಾಗೇ ಹೇಳಬಾರದು, ಪ್ರಾಸ ಕಟ್ಟಿ ಹೇಳಬೇಕು ಎಂದು ಮದುವೆಗಳಲ್ಲಿ ಹೆಂಗಸರನ್ನು ಕಾಡುತ್ತಾರಲ್ಲ, ಅದು:

'ತಾಂಡೂರ ಕಲ್ಲು ನುಣ್ಣಗ, ತೊಗರಿ ಬ್ಯಾಳಿ ಸಣ್ಣಗ,
ಕಲ್ಲಿನಂಗ ಕುಂತಾರ ನೋಡ್ರಿ ಶರಣಪ್ಪನವರು ತಣ್ಣಗ.'

ಕೊನೆಯ ಎರಡು ಪದಗಳನ್ನು ಸಂಗಮೇಶ ಕತ್ತರಿಸಿ ಲೂಪ್ ಹಾಕಿದ್ದ. ಶರಣಪ್ಪನವರು ತಣ್ಣಗ, ಶರಣಪ್ಪನವರು ತಣ್ಣಗ, ಶರಣಪ್ಪನವರು ತಣ್ಣಗ. ಜನ್ಮದಲ್ಲಿ ಗಂಡನ ಹೆಸರೆತ್ತದ ಹೆಂಗಸು ಮೂರು ನಿಮಿಷದಲ್ಲಿ ಇಡೀ ಬಾಳಿನ ಬಾಕಿ ತೀರಿಸಿದಂತಿತ್ತು.

ಮೊದಲ ಸಲ ಕೇಳಿದಾಗಲೇ ನಾನು ಹೇಳಿದೆ: ಇದು ನನ್ನ ಕ್ಯಾಸೆಟ್! ಹೈದರಾಬಾದಿನಲ್ಲಿ ಓದುವಾಗ ಜಾನಪದ ಸಂಗ್ರಹದ ಹುಚ್ಚು ಹಿಡಿದು, ತಂಗಿಯ ಮದುವೆಯಲ್ಲಿ ಹೆಂಗಸರ ಒಡಪುಗಳನ್ನೆಲ್ಲ ಟೇಪ್ ಮಾಡಿದ್ದೆ. ಆ ಕ್ಯಾಸೆಟ್ಟುಗಳ ಪೆಟ್ಟಿಗೆ ಸಂಗಮೇಶನ ಹತ್ತಿರವೇ ಇತ್ತು. ದೊಡ್ಡವ್ವ ಮೈಕಿಗೆ ಬಾಗಿದ್ದು, ಎದುರಿಗೆ ಕಲ್ಲುಕಟ್ಟೆಯ ಮೇಲೆ ದೊಡ್ಡಪ್ಪ ತಣ್ಣಗೆ ಕೂತಿದ್ದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. ಬೆಳಿಗ್ಗೆ ಒಡಪು, ಮಧ್ಯಾಹ್ನ ಪಂಕ್ತಿಯಲ್ಲಿ ಜಗಳ. ಹೀಗೆ ಕ್ರಮವಾಗಿ ನೆನಪಿತ್ತು. ಧ್ವನಿಯ ಹಿಂದೆ ಸಣ್ಣಗೆ 'ಜೈ ತೆಲಂಗಾಣ' ಕೇಳುತ್ತಿತ್ತು ನಿಜ. ಮಿಕ್ಸಿಂಗಿನಲ್ಲಿ ಸೇರಿಸಿರಬೇಕು ಎಂದುಕೊಂಡೆ. 'ಹಳೇ ದನಿ ಎತ್ತಿ ಎಷ್ಟು ಚೆಂದ ಸ್ಯಾಂಪಲ್ ಮಾಡೀಯೋ' ಎಂದರೆ ಸಂಗಮೇಶ ನಕ್ಕ, ಅಷ್ಟೆ.

ಆಗ ಹಾಡೆಂದರೆ ಮೆಮೊರಿ ಕಾರ್ಡ್. ಜನ ಯಾವ ಹಾಡನ್ನು ಹೆಚ್ಚು ತುಂಬಿಸಿಕೊಂಡರೋ ಅದನ್ನು ನೋಡಿ ನಮ್ಮ ಮೊಬೈಲ್ ಅಂಗಡಿಯವರು ವಾರಕ್ಕೊಮ್ಮೆ ಟಾಪ್ ಟೆನ್ ಪಟ್ಟಿ ಬರೆದು ಗಾಜಿಗೆ ಅಂಟಿಸುತ್ತಿದ್ದರು. ಬಸ್ಸಿಲ್ಲದಿದ್ದರೂ 'ತಣ್ಣಗ' ಬೈಕುಗಳ ಮೇಲೆ, ಬ್ಲೂಟೂತಿನಲ್ಲಿ, ಝರಾಸಂಗಂ ದಾಟಿ ನಾರಾಯಣಖೇಡಕ್ಕೆ ಬಂತು. ಅಲ್ಲಿ ನಂಬರ್ ಒನ್. ತಾಂಡೂರಿನಲ್ಲೂ ನಂಬರ್ ಒನ್. ಹೋರಾಟದ ಹಾಡುಗಳು ಎರಡಕ್ಕೆ, ಮೂರಕ್ಕೆ ಇಳಿದವು. ಧರಣಿ ಟೆಂಟಿನಲ್ಲಿ ಒಬ್ಬ ಮುಖಂಡರು ಇದು ಚಳವಳಿಗೆ ಅವಮಾನ ಎಂದು ಭಾಷಣ ಮಾಡಿದರು. ಇಳಿದು ಬಂದು ತಮ್ಮ ಕಾರ್ಡಿಗೂ ಹಾಕಿಸಿಕೊಂಡರು.

ದೊಡ್ಡಪ್ಪನ ಕಿವಿಗೆ ಬೀಳದೇ ಇರುತ್ತದೆಯೇ? ಕಟಿಂಗ್ ಅಂಗಡಿಯಲ್ಲಿ ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ಕೂತಾಗ ಬಿತ್ತಂತೆ. ಹೆಂಡತಿಯ ದನಿ, ತನ್ನ ಹೆಸರು. ಅರ್ಧ ಗಡ್ಡದಲ್ಲೇ ಎದ್ದು ಮಗನ ಅಂಗಡಿಗೆ ನಡೆದರು. (ಆಗ ನಾನಲ್ಲಿ ಇದ್ದೆ ಎಂದು ನನ್ನ ನಂಬಿಕೆ. ಇರಲಿಲ್ಲ ಎಂದು ಸಂಗಮೇಶನ ವಾದ.) ಹಾಡು ಅಳಿಸಿಹಾಕು ಎನ್ನುತ್ತಾರೆ, ಕಂಪ್ಯೂಟರ್ ಒಡೆಯುತ್ತಾರೆ ಎಂದು ಎಲ್ಲರೂ ಸರಿದು ನಿಂತರೆ, ದೊಡ್ಡಪ್ಪ ಫೋನು ತೆಗೆದು ಕೌಂಟರಿನ ಮೇಲಿಟ್ಟರು.

'ರಿಂಗ್‌ಟೋನ್ ಹಾಕಾಕ ಬರ್ತದೇನು?'

ಬರುತ್ತದೆ. ಹಾಕಿದ. ಅಂದಿನಿಂದ ಮನೆಯಲ್ಲಿ ಫೋನು ಬಂದರೆ ದೊಡ್ಡಪ್ಪ ಎತ್ತುವುದಿಲ್ಲ. ಹೊಡೆದುಕೊಳ್ಳಲು ಬಿಡುತ್ತಾರೆ. ಶರಣಪ್ಪನವರು ತಣ್ಣಗ, ಶರಣಪ್ಪನವರು ತಣ್ಣಗ. ಎರಡು ದಿನ ದೊಡ್ಡವ್ವ ತಡೆದುಕೊಂಡಳು. ಮೂರನೆಯ ದಿನ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ನಿಂತಳು.

'ಎತ್ತರಿ ಅದನ್ನ. ಮಂದಿ ಏನಂದಾರು?'

'ಮಂದಿದು ಬಿಡು. ನೀ ಏನಂತಿ?'

ಮಾತು ಬಂತು. ಆಮೇಲೆ ನಿಲ್ಲಲಿಲ್ಲ. ಈಗ ಅವರಿಬ್ಬರ ಜಗಳದ ನಡುವೆ ಸಂಗಮೇಶನಿಗೆ ಬಾಯಿ ತೆರೆಯಲು ಸಂದು ಸಿಗುವುದಿಲ್ಲ.

ಆದರೆ ಸೋತವರು ಯಾರು? ಮನೆಯಲ್ಲಿ ಇನ್ನೂ ಇದೇ ತಕರಾರು. ದೊಡ್ಡಪ್ಪ, 'ಅಕಿನೇ ಬಂದು ಮೊದಲ ಮಾತಾಡ್ಯಾಳ' ಎಂದರೆ ದೊಡ್ಡವ್ವ, 'ಹಾಡು ಹಾಕ್ಕೊಂಡು ನನ್ನ ಮಾತಾಡ್ಸಿದ್ದು ಯಾರ್ರಿ?' ಎನ್ನುತ್ತಾಳೆ. ತೀರ್ಪಿಗೆ ನನ್ನನ್ನು ಕರೆಯುತ್ತಾರೆ. ಹಾಡಿನ ಒಡಪು ನನ್ನ ಹಳೇ ಕ್ಯಾಸೆಟ್ಟಿನದು, ಜಗಳಕ್ಕಿಂತ ಮೊದಲಿನದು, ಅದು ಲೆಕ್ಕಕ್ಕಿಲ್ಲ, ಆದ್ದರಿಂದ ಮೊದಲು ಬಾಗಿದ್ದು ರಿಂಗ್‌ಟೋನ್ ಹಾಕಿಸಿದ ದೊಡ್ಡಪ್ಪನೇ ಎಂದು ಎಂ.ಎ. ಓದಿದವನ ಗತ್ತಿನಲ್ಲಿ ತೀರ್ಪು ಕೊಟ್ಟಿದ್ದೆ. ಊರೂ ಒಪ್ಪಿತ್ತು. ದೊಡ್ಡವ್ವ ಗೆದ್ದ ಖುಷಿಯಲ್ಲಿ ನನಗೆ ಶೇಂಗಾ ಹೋಳಿಗೆ ಮಾಡಿ ಹಾಕಿದ್ದಳು.

ಕಳೆದ ವಾರ ಸಂಗಮೇಶ ಪೆಟ್ಟಿಗೆ ಹಿಂದಿರುಗಿಸಿದ. ಹಳೇ ಟೇಪ್‌ರೆಕಾರ್ಡರಿನಲ್ಲಿ ತಂಗಿಯ ಮದುವೆಯ ಕ್ಯಾಸೆಟ್ ಹಾಕಿದೆ. ಒಬ್ಬೊಬ್ಬರಾಗಿ ಹೆಂಗಸರು ಒಡಪು ಹೇಳುತ್ತಿದ್ದಾರೆ, ನಗುತ್ತಿದ್ದಾರೆ. ಆಮೇಲೆ ನನ್ನದೇ ದನಿ: 'ದೊಡ್ಡವ್ವಾ, ನಿಂದು?'

'ನನ್ನ ಬಿಡಪಾ. ನಂದೂ ಅವರದೂ ಮಾತಿಲ್ಲ.'

ನಂತರ ಇನ್ಯಾರೋ ಶುರುಮಾಡುತ್ತಾರೆ. ಎರಡು ಬದಿಯನ್ನೂ ಎರಡೆರಡು ಸಲ ಕೇಳಿದೆ. ಅಷ್ಟೇ. ಜಗಳ ಒಡಪಿಗಿಂತ ಮೊದಲೇ ಆಗಿತ್ತು. ಹಾಗಾದರೆ ನಾನು ಕಣ್ಣಾರೆ ಕಂಡ ಕಲ್ಲುಕಟ್ಟೆ? ಹಾಡು ಕೇಳಿದ ಮೇಲೆ ನಾನೇ ಕಟ್ಟಿಸಿದ್ದಿರಬೇಕು.

ಜಹೀರಾಬಾದಿಗೆ ಹೋಗಿ ಕೇಳಿದರೆ ಸಂಗಮೇಶ, 'ಕ್ಯಾಸೆಟ್ ಅಂತ ನಾ ಯಾವಾಗ ಅಂದೆ, ಅಣ್ಣಾ? ನೀನೇ ಊರ ತುಂಬ ಹೇಳ್ಕೋತ ಹೋದಿ. ಸುಮ್ಮನಿರು ಅಂದಿದ್ಲು ಅವ್ವ' ಎಂದ.

(ದೊಡ್ಡಪ್ಪ ಈ ಅಂಕಣ ತಪ್ಪದೆ ಓದುತ್ತಾರೆ. ಗೊತ್ತಿದ್ದೇ ಬರೆಯುತ್ತಿದ್ದೇನೆ. ಹಳೇ ತೀರ್ಪು ಇನ್ನು ನಿಲ್ಲುವುದಿಲ್ಲ, ಹೋಳಿಗೆಯೂ ಸಿಗಲಿಕ್ಕಿಲ್ಲ.)

ನನ್ನ ನೆನಪಿನ ಮೇಲೆ ನೀವು ಭರವಸೆ ಇಡುವುದು ಬೇಡ. ಅವನ ಕಂಪ್ಯೂಟರಿನಲ್ಲಿ ದೊಡ್ಡವ್ವನ ಒಡಪಿನ ಫೈಲನ್ನು ನಾನೇ ತೆರೆದು ನೋಡಿ ಬಂದಿದ್ದೇನೆ: ರೆಕಾರ್ಡ್ ಆದದ್ದು ಮುಷ್ಕರದ ಮೂರನೆಯ ದಿನ, ಮಧ್ಯಾಹ್ನ ಎರಡೂವರೆಗೆ, ರೊಟ್ಟಿ ತಂದ ಹೊತ್ತಿಗೆ.