ಆರಿಸಿದ ಕರ್ಪೂರ

ಉಡುಮಲೈಪೇಟೆಯಲ್ಲಿದ್ದ ಸೋದರತ್ತೆ ಗುಡಿಗಳ ಹೊರಗೆ ನಿಂತು ಅಳುತ್ತಾಳಂತೆ ಎಂಬ ಸುದ್ದಿ ನೆಗಮಂನ ನಮ್ಮ ನೇಕಾರರ ಬೀದಿಗೆ ಬಂದಾಗಲೇ ನನಗೆ ಅನುಮಾನ ಹತ್ತಿತು. ಭಕ್ತಿಯಂತೆ ಭಕ್ತಿ! ಕೊಯಮತ್ತೂರಿಗೆ ಪೈಕಾರಾ ಜಲಪಾತದ ಕರೆಂಟು ಬಂದಿದ್ದ ಕಾಲ ಅದು. ನನಗೆ ಆಗಷ್ಟೇ ದಾವಣಿ ಉಡಿಸಿದ್ದರು. ಅತ್ತೆಗೊಬ್ಬ ಮಗನಿದ್ದ. ಇದು ಹೆಣ್ಣು ಕೇಳುವ ಹೂಟವೇ ಎಂದುಕೊಂಡೆ.

ಅವಳ ಮೇಲೆ ನನಗೆ ಸಿಟ್ಟಿತ್ತು, ಸುಮ್ಮಸುಮ್ಮನೆ ಅಲ್ಲ. ಅವಳು ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಮಗನೊಂದಿಗೆ ತವರಿಗೆ ಬಂದು ಮಗ್ಗಕ್ಕೆ ಕೂತವಳು. ಅಮ್ಮ ಸೊಸೆಯಾಗಿ ಬಂದ ಮೇಲೆ ಅಜ್ಜಿ ಅಮ್ಮನ ನೇಯ್ಗೆಯನ್ನು ಹೊಗಳತೊಡಗಿದಳು. ಒಂದು ಬೆಳಗ್ಗೆ ನೋಡಿದರೆ ಮಗ್ಗದ ಮೇಲಿನ ಪಾವು, ಅಂದರೆ ಹಾಸುನೂಲೆಲ್ಲ, ಅಡ್ಡಕ್ಕೆ ತುಂಡಾಗಿತ್ತು. ನಮ್ಮವರಿಗೆ ಅದು ಹಸು ಕೊಂದಷ್ಟು ಪಾಪ. ಅತ್ತೆ ನೆಟ್ಟಗೆ ಚೌಡಮ್ಮನ ಗುಡಿಗೆ ಹೋಗಿ, ಬೀದಿಯವರೆಲ್ಲರ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ತಾನಲ್ಲವೆಂದು ಆಣೆಯಿಟ್ಟಳು. ಅದಕ್ಕಿಂತ ದೊಡ್ಡ ಆಣೆ, ನಮ್ಮ ಮಾತಿನಲ್ಲಿ ಸತ್ತಿಯ, ಇನ್ನೊಂದಿಲ್ಲ. ಅಮ್ಮನ ಹೊಟ್ಟೆಯಲ್ಲಿ ನಾನಿದ್ದೆ. ಬಸುರಿ ಕರ್ಪೂರ ಆರಿಸುವಂತಿಲ್ಲ. ಅಪವಾದ ಅಮ್ಮನ ತಲೆಗೇ ಬಂತು. ಅಂದಿನಿಂದ ಅಜ್ಜಿ ಅಮ್ಮನಿಗೆ ಮಗ್ಗ ಮುಟ್ಟಲು ಬಿಡಲಿಲ್ಲ. ಅತ್ತೆ ಮಾತ್ರ ಹೆಚ್ಚು ದಿನ ನಿಲ್ಲದೆ ಮಗನನ್ನು ಕರೆದುಕೊಂಡು ಉಡುಮಲೈಪೇಟೆಗೆ ಹೊರಟುಹೋದಳು.

ಅಂಥ ಅತ್ತೆ ಒಂದು ಮಧ್ಯಾಹ್ನ ಬಂದು ನಮ್ಮ ಜಗಲಿಯ ಮೇಲೆ ಕೂತಳು.

"ಅವತ್ತಿಂದ ನಾ ಯಾವ ಗುಡಿಯೊಳಕ್ಕೂ ಕಾಲಿಟ್ಟಿಲ್ಲ, ಅಮ್ಮಿಣಿ. ಕಾಲು ಏಳಲ್ಲ. ಈಗಲೇ ಬಾ, ಚೌಡಮ್ಮನ ಗುಡೀಲೇ ಕರ್ಪೂರ ಹಚ್ಚಿ ಆ ತಾಯಿ ಹತ್ರ ಒಪ್ಕೊಂಬಿಡ್ತೀನಿ," ಎಂದಳು ಅಮ್ಮನಿಗೆ.

"ಹೆಣ್ಣು ಕೇಳಕ್ಕೆ ಬಂದ್ರಾ?" ಎಂದೆ ನಾನು, ಬಾಗಿಲ ಮರೆಯಿಂದ.

"ಅಯ್ಯೋ ಇವಳ! ನನ್ನ ಮಗನಿಗೆ ಪೊಂಗಲ್ ಆದ ತೈ ತಿಂಗಳಲ್ಲೇ ಮದುವೆ ಆಯ್ತಲ್ಲೇ!"

ನನ್ನ ಮುಖ ಇಷ್ಟಾಯಿತು. ಆದರೆ ಅಮ್ಮ ನನಗಿಂತ ಚುರುಕು. "ಈ ಉರಿಬಿಸಿಲಲ್ಲಿ ಗುಡೀಲಿ ಯಾರಿರ್ತಾರೆ ಅತ್ತಿಗೆ? ಅವತ್ತು ಬೀದಿಗೆ ಬೀದಿಯೇ ಇತ್ತು. ಅಮಾಸೆ ದಿನ ಬನ್ನಿ," ಎಂದಳು.

ಅತ್ತೆ ಎದ್ದು ಬಂದ ದಾರಿ ಹಿಡಿದಳು. ಸಿಕ್ಕಿಬಿದ್ದಳು ಎಂದುಕೊಂಡೆ. ಅಮಾವಾಸ್ಯೆಗೆ ಮಗ್ಗಗಳೆಲ್ಲ ನಿಲ್ಲುತ್ತವೆ, ಎಲ್ಲರೂ ಗುಡಿಯಲ್ಲಿರುತ್ತಾರೆ. ಅವಳು ಈ ಕಡೆ ತಲೆ ಹಾಕುವುದಿಲ್ಲವೆಂದು ನಂಬಿದ್ದೆ.

ಬಂದಳು. ಗುಡಿಯ ಹೊಸ್ತಿಲಲ್ಲಿ ಎಷ್ಟೋ ಹೊತ್ತು ನಿಂತಳು. ಆಮೇಲೆ ಒಳಗೆ ಬಂದು ಕರ್ಪೂರ ಹಚ್ಚಿ ಕೂಗಿಯೇ ಹೇಳಿದಳು: "ಪಾವು ಕೊಯ್ದೋಳು ನಾನೇ! ಹೊಟ್ಟೆಕಿಚ್ಚಿಗೆ ಕೊಯ್ದೆ. ಸುಳ್ಳು ಸತ್ತಿಯ ಮಾಡ್ದೆ, ತಾಯೀ!"

ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕರ್ಪೂರ ತಾನಾಗಿಯೇ ಉರಿದು ಮುಗಿಯಿತು. ಪೂಜಾರಿ ವಿಭೂತಿಯ ತಟ್ಟೆಯನ್ನು ಅಮ್ಮನ ಮುಂದೆ ಹಿಡಿದು, "ನೊಂದವಳು ನೀನು. ಕ್ಷಮಿಸೋದಾದ್ರೆ ನೀನೇ ಇವಳ ಹಣೆಗಿಡಮ್ಮ," ಎಂದ. ಬೇಡ ಎಂದು ನಾನು ಅಮ್ಮನ ಸೆರಗು ಜಗ್ಗಿದೆ. ಆಗಲೂ ಅತ್ತೆಯ ಕಣ್ಣೀರನ್ನು ನಾನು ನಂಬಿರಲಿಲ್ಲ. ಅಮ್ಮ ನನ್ನ ಕೈ ಬಿಡಿಸಿದಳು. ಅತ್ತೆಯ ಹಣೆಗೆ ವಿಭೂತಿ ಹಚ್ಚಿದಳು. ನಾನು ಮುಖ ತಿರುಗಿಸಿ ಗುಡಿಯಿಂದ ಹೊರಬಿದ್ದೆ.

ಆ ರಾತ್ರಿ ಅತ್ತೆ ನಮ್ಮಲ್ಲೇ ಉಳಿದಳು. ಮರುದಿನ ಅಜ್ಜಿಯೇ ಅಮ್ಮನನ್ನು ಮಗ್ಗಕ್ಕೆ ಕರೆದಳು. ಅಮ್ಮ ಮಗ್ಗದ ಕುಣಿಗೆ ಇಳಿದು ಕೂತಳು. ಕಾಲಿಗೆ ತುಳಿಯುವ ಮೆಟ್ಟು ಸಿಗಲಿಲ್ಲ, ಲಾಳಿ ಜಾರಿ ಬಿತ್ತು, ಒಂದು ಎಳೆ ಪಟ್ಟೆಂದು ಹರಿಯಿತು. ಅಮ್ಮ ಗೊಳೋ ಎಂದು ಅತ್ತುಬಿಟ್ಟಳು. ಅಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡಿರಲೇ ಇಲ್ಲ.

"ಎಲ್ಲಾ ಮರ್ತೋಗಿದೆ ಅತ್ತಿಗೆ. ಬಂದು ತೋರ್ಸಿ," ಎಂದಳು ಕಡೆಗೆ.

ಗೋಡೆಗಂಟಿ ನಿಂತಿದ್ದ ಅತ್ತೆ ಹೆದರುತ್ತಲೇ ಬಂದು ಪಕ್ಕದಲ್ಲಿ ಕೂತಳು. ಹರಿದ ಎಳೆಯನ್ನು ಗಂಟು ಹಾಕಿದಳು. ಉಳಿದ ತುದಿ ಕತ್ತರಿಸಲು ಸುತ್ತ ನೋಡಿದಳು. ಚಾಕು ಅಲ್ಲಿರಲಿಲ್ಲ. ಬೆಳಗ್ಗೆಯೇ ಅದನ್ನು ತೆಗೆದು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ಅಮ್ಮ ನನ್ನತ್ತ ಕೈ ಚಾಚಿ, "ಕೊಡು," ಎಂದಳು.

ಕೊಟ್ಟೆ. ಅಮ್ಮ ಅದನ್ನು ಅತ್ತೆಯ ಅಂಗೈಯಲ್ಲಿಟ್ಟು, ಮತ್ತೆ ಆ ಕಡೆ ನೋಡದೆ, ಬಗ್ಗಿ ಕಾಲಿನಿಂದ ಮೆಟ್ಟು ಹುಡುಕತೊಡಗಿದಳು.