ದಸ್ತಗೀರ ಮಾಮಾನಿಗೆ ಮಾಡಿದ ಸನ್ಮಾನ

ಕಳೆದ ವಾರ ಕನ್ನಡಕದ ಕಡ್ಡಿ ಹಾಕಿಸಿಕೊಳ್ಳಲು ಅಥಣಿಗೆ ಹೋಗಿದ್ದೆ. ಕನ್ನಡಕದ ಅಂಗಡಿಯ ಪಕ್ಕದಲ್ಲೇ ಸನ್ಮಾನದ ಸಾಮಾನು ಮಾರುವ ಅಂಗಡಿ. ಶಾಲು, ಪೇಟ, ಗಂಧದ ಹಾರ, ಫಲಕ ಎಲ್ಲ ಒಂದೇ ಕಡೆ ಸಿಗುತ್ತವೆ. ಅಂಗಡಿಯವನಿಗೆ ನಾನು ಹಳೆಯ ಗಿರಾಕಿ. ಚೀಲದಿಂದ ಒಂದು ಶಾಲು ತೆಗೆದು ಕೊಡವಿ, "ಬರ್ರಿ ಮಾಸ್ತರ್ರ, ಹೊಸಾ ಮಾಲು ಬಂದೈತಿ" ಎಂದ. ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಕೆಲಸವಿದೆ ಎಂದು ಏನೋ ಗೊಣಗಿ ಬಸ್ ನಿಲ್ದಾಣದವರೆಗೆ ಬಂದವನು, ಕನ್ನಡಕ ಅಲ್ಲೇ ಉಳಿದದ್ದು ನೆನಪಾಗಿ ಮತ್ತೆ ಹಿಂದಿರುಗಿದೆ. ಶಾಲು ಕಂಡು ಓಡುವ ನಿವೃತ್ತ ಮುಖ್ಯೋಪಾಧ್ಯಾಯನನ್ನು ನೀವು ಇದುವರೆಗೆ ಕಂಡಿರಲಿಕ್ಕಿಲ್ಲ.

ನಮ್ಮ ಕಡೆಯ ಸ್ವಭಾವ ನಿಮಗೆ ಗೊತ್ತಿರಬೇಕು. ಯಾರಾದರೂ ಏನಾದರೂ ಒಳ್ಳೆಯದು ಮಾಡಿದರೆ ನಮಗೆ ಮೊದಲು ಹೊಳೆಯುವುದು ಸನ್ಮಾನ. ಎಮ್ಮೆ ಹೆಚ್ಚು ಹಾಲು ಕೊಟ್ಟರೆ ಎಮ್ಮೆಯ ಒಡೆಯನಿಗೆ ಸನ್ಮಾನ, ಲೈನ್‌ಮನ್ನನಿಗೆ ವರ್ಗವಾದರೆ ಅವನಿಗೂ ಸನ್ಮಾನ. ನಿರೂಪಣೆ ಯಾವಾಗಲೂ ನನ್ನದು. ಮೈಕು ಕೈಗೆ ಬಂದರೆ ಬಿಡುವವನಲ್ಲ ಎಂಬ ಹೆಸರೂ ಇದೆ. ಮನೆಯ ಕಪಾಟಿನಲ್ಲಿ ನನಗೆ ಬಂದ ಶಾಲುಗಳ ರಾಶಿಯೇ ಇದ್ದು, ಹೆಂಡತಿ ಅವುಗಳಲ್ಲಿ ಒಂದನ್ನು ಹಿಟ್ಟಿನ ಡಬ್ಬಿ ಮುಚ್ಚಲು ಬಳಸುತ್ತಾಳೆ. ಅದಕ್ಕೂ ನಾನು ಬೇಸರಪಟ್ಟವನಲ್ಲ. ದಸ್ತಗೀರ ಮಾಮಾನಿಗೆ ಶಾಲು ಹೊದಿಸಬೇಕೆಂದು ಹೊಳೆದದ್ದು ಇಂಥ ತಲೆಗೆ.

ದಸ್ತಗೀರ ಮಾಮಾ ಎಂದರೆ ಅಥಣಿಗೂ ಮಂಗಸೂಳಿಗೂ ನಡುವಿನ ನಮ್ಮ ಊರಿನ ಮುಲ್ಲಾ. ನನಗಿಂತ ಆರೇಳು ವರ್ಷ ದೊಡ್ಡವನು. ಮೊಹರಮ್ಮಿನಲ್ಲಿ ಪಂಜಾ ಎಂಬ ಲೋಹದ ಹಸ್ತವನ್ನು ಕೂಡಿಸುವ ಮಕಾನದ ಬೀಗದ ಕೈ ಅವನ ಅಜ್ಜನ ಕಾಲದಿಂದ ಅವರ ಮನೆಯಲ್ಲಿತ್ತು. ನಮ್ಮೂರಲ್ಲಿ ಮುಸಲ್ಮಾನರ ಮನೆಗಳು ಕಡಿಮೆ, ಹಬ್ಬ ಮಾತ್ರ ಎಲ್ಲರದು. ಬೆಂಕಿಯ ಕುಣಿ ತೋಡುವ ಹಕ್ಕು ನಮ್ಮ ಮನೆತನಕ್ಕಿತ್ತು. ಸಣ್ಣವನಿದ್ದಾಗ ನನಗೆ ಜ್ವರ ಬಂದು ಇಳಿಯದಿದ್ದಾಗ ಅವ್ವ ಹರಕೆ ಹೊತ್ತಳಂತೆ. ಹಾಗಾಗಿ ಐದು ವರ್ಷ ನಾನು ಮೊಹರಮ್ಮಿನ ಫಕೀರ. ಕೊರಳಿಗೆ ಕೆಂಪು ದಾರ ಕಟ್ಟಿಕೊಂಡು ಐದು ಮನೆ ಬೇಡಬೇಕಿತ್ತು. ಬೇಡಲು ನಾಚಿಕೆಯಾಗಿ ನಮ್ಮ ಮನೆಯ ಹಿತ್ತಲ ಬಾಗಿಲಿಗೇ ಐದು ಸಲ ಹೋಗಿ ನಿಂತಿದ್ದೆ. ಅವ್ವ ಐದು ಸಲವೂ ಜೋಳ ಹಾಕಿದ್ದಳು.

ಹಬ್ಬದ ಒಂಬತ್ತನೆಯ ದಿನ ಊರಿನ ಹೆಂಗಸರೆಲ್ಲ ತಟ್ಟೆಯಲ್ಲಿ ಸಕ್ಕರೆ ಹಿಡಿದು ಮಕಾನಕ್ಕೆ ಹೋಗುತ್ತಿದ್ದರು. ದಸ್ತಗೀರ ಮಾಮಾ ಅದರ ಮೇಲೆ ಏನನ್ನೋ ಮೆಲ್ಲಗೆ ಓದಿ, ಒಂದು ಚಿಟಿಕೆ ತಾನಿಟ್ಟುಕೊಂಡು, ಉಳಿದದ್ದನ್ನು ಮರಳಿ ಕೊಡುವನು. ಇದಕ್ಕೆ ಸಕ್ಕರೆ ಓದಿಸುವುದು ಎನ್ನುತ್ತೇವೆ. ಆ ಸಕ್ಕರೆ ನಮ್ಮ ದೇವರ ಜಗಲಿಯ ಮೇಲಿಟ್ಟ ಬಳಿಕವೇ ಬಾಯಿಗೆ ಬೀಳುತ್ತಿತ್ತು. ಅವ್ವ ಹೋದ ಮೇಲೆ ತಟ್ಟೆ ಹಿಡಿಯುವ ಕೆಲಸ ನನ್ನದಾಯಿತು.

ನಾಲ್ಕೈದು ವರ್ಷಗಳಿಂದ ಗಾಳಿ ಬದಲಾಯಿತು. ನಮ್ಮ ಹುಡುಗರಿಗೆ ಹೊರಗಿನಿಂದ ಬಂದ ಒಬ್ಬ ಭಾಷಣಕಾರ ಸಿಕ್ಕ. ಅವನು ಹೋದ ಮೇಲೆ, ಮಕಾನಕ್ಕೆ ಹೋಗುವವರು ಗಂಡಸರೇ ಅಲ್ಲ ಎಂಬಂಥ ಮಾತು ಕಟ್ಟೆಯ ಮೇಲೆ ಶುರುವಾಯಿತು. ಅವರ ಹುಡುಗರಿಗೂ ಅಂಥವನೇ ಒಬ್ಬ ಬೋಧಕ ಸಿಕ್ಕ. ಪಂಜಾ ಧರ್ಮವಲ್ಲ, ಸಕ್ಕರೆ ಓದುವುದು ಪಾಪ, ಬೇರೆಯವರೊಡನೆ ಉಣ್ಣಬೇಡಿ ಎಂದು ಅವನ ಬೋಧೆ. ಅದನ್ನು ಹೆಚ್ಚು ಹಚ್ಚಿಕೊಂಡವನು ಅಸ್ಲಮ್, ದಸ್ತಗೀರ ಮಾಮಾನ ತಂಗಿಯ ಮಗ. ಬೋರಗಾಂವದಲ್ಲಿ ಕೆಲಸ ಕಲಿತು ಬಂದು ಊರಲ್ಲೇ ನಾಲ್ಕು ಮಗ್ಗ ಹಾಕಿದ್ದ. ಆ ಬೋಧಕನನ್ನು ಊರಿಗೇ ಕರೆಸಿ ಮೊಹರಮ್ಮಿನ ಮೊದಲು ದೊಡ್ಡ ಸಭೆ ಮಾಡುತ್ತಾನೆ ಎಂಬ ಸುದ್ದಿ ಹೋದ ವರ್ಷ ಹಬ್ಬಿತು.

ಅದಕ್ಕೆಂದೇ ಊರಿನಲ್ಲಿ ಕರೆದ ಶಾಂತಿ ಸಭೆಯಲ್ಲಿ ನಾನೆದ್ದು ನಿಂತು, ಬೆಂಕಿ ಹಚ್ಚುವವರನ್ನು ಬೈಯುವುದಕ್ಕಿಂತ ಆರಿಸುವವರ ಕೈ ಬಲಪಡಿಸೋಣ ಎಂದೆ. ಚಪ್ಪಾಳೆ ಬಿತ್ತು. ದಸ್ತಗೀರ ಮಾಮಾನಂಥ ಸೌಮ್ಯ ಮನುಷ್ಯನನ್ನು ಊರೇ ಬೆಂಬಲಿಸುತ್ತದೆ ಎಂದು ತೋರಿಸಬೇಕು ಎಂದೆ. ಹೇಗೆ ತೋರಿಸುವುದು ಎಂದು ಯಾರೂ ಕೇಳಲಿಲ್ಲ. ನಮಗೆ ಗೊತ್ತಿರುವುದು ಒಂದೇ ದಾರಿ.

ಹೇಳಲು ಹೋದಾಗ ಮಾಮಾ ಅಂಗಳದಲ್ಲಿ ಮೇಕೆಗೆ ಸೊಪ್ಪು ಕಟ್ಟುತ್ತಿದ್ದ. "ಈಗ ಬ್ಯಾಡ್ರಿ ಮಾಸ್ತರ್ರ. ಹಬ್ಬ ಆಗ್ಲಿ, ಮುಂದ ನೋಡೂಣು" ಎಂದ. ನಾನು ಅದನ್ನು ಸಂಕೋಚ ಎಂದುಕೊಂಡೆ. ಸನ್ಮಾನ ಬೇಡ ಎನ್ನುವುದೂ ಸನ್ಮಾನದ ಒಂದು ಪದ್ಧತಿಯೇ ತಾನೆ. ನಾನೂ ಎರಡು ಸಲ ಬೇಡ ಎಂದು ಮೂರನೆಯ ಸಲಕ್ಕೆ ಒಪ್ಪುವವನು. ಮಾಮಾನ ಕೈ ಹಿಡಿದು, "ಊರಿನ ಮಾತು ಮುರೀಬ್ಯಾಡ್ರಿ" ಎಂದು ಬಂದುಬಿಟ್ಟೆ.

ಶಾಲೆಯ ಮೈದಾನದಲ್ಲಿ ವೇದಿಕೆ ಹಾಕಿದೆವು. ಬ್ಯಾನರಿನ ಮೇಲೆ ಏನು ಬರೆಸಬೇಕೆಂದು ಎರಡು ದಿನ ತಲೆ ಕೆಡಿಸಿಕೊಂಡು ನಾನೇ ಬರೆದುಕೊಟ್ಟೆ, ‘ನಮ್ಮೂರಿನ ನಿಜವಾದ ಮುಸಲ್ಮಾನ’ ಎಂದು. ಬಹಳ ಚೆನ್ನಾಗಿ ಬಂದಿದೆ ಎಂದು ನನಗೇ ಅನ್ನಿಸಿತ್ತು. ಶಾಲು ಹೊದಿಸುವಾಗ ಮೈಕಿನಲ್ಲಿ, "ಎಲ್ಲಾ ಮುಸಲ್ಮಾನರೂ ನಮ್ಮ ದಸ್ತಗೀರ ಮಾಮಾನಂಗ ಇದ್ದಿದ್ರ ಈ ದೇಶದಾಗ ಜಗಳನ ಇರ್ತಿರಲಿಲ್ಲ" ಎಂದೆ. ಜೋರು ಚಪ್ಪಾಳೆ. ಮಾಮಾ ಶಾಲಿನೊಳಗೆ ಸಣ್ಣದಾಗಿ ಕುಳಿತಿದ್ದ. ಮಾತಾಡಲು ಕರೆದರೆ ಕೈ ಮುಗಿದು ಕುಳಿತುಬಿಟ್ಟ. ಕಣ್ಣು ತೇವವಾಗಿತ್ತು. ಆನಂದ ಎಂದು ನಾನು ಮೈಕಿನಲ್ಲೇ ವಿವರಿಸಿದೆ. ಆ ಮಾತು ಈಗ ನೆನಪಾದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಹತ್ತು ದಿನದಲ್ಲಿ ಆ ಬೋಧಕನ ಸಭೆ ನಡೆದೇಹೋಯಿತು. ಜನ ತುಂಬಿದ್ದರಂತೆ. ಸನ್ಮಾನ ಮಾಡಿಯೂ ಹೀಗಾಯಿತಲ್ಲ ಎಂದು ನಾವು ಕಟ್ಟೆಯ ಮೇಲೆ ಕುಳಿತು ಅವರನ್ನೇ ಬೈದೆವು. ಮೊಹರಮ್ಮಿನ ಒಂಬತ್ತನೆಯ ದಿನ ಬಂತು. ಸ್ನಾನ ಮಾಡಿ, ಹಿತ್ತಾಳೆ ತಟ್ಟೆಯಲ್ಲಿ ಸಕ್ಕರೆ ಹಾಕಿಕೊಂಡು ಮಕಾನಕ್ಕೆ ಹೋದೆ.

ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗ ಹೊಸದು. ಆ ದಿನ ಆ ಬಾಗಿಲು ಮುಚ್ಚಿದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಬೇರೆ ಓಣಿಗೆ ಬಂದೆನೇನೋ ಎಂದು, ನಗಬೇಡಿ, ನಿಜವಾಗಿಯೂ ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂದು ನೋಡಿದೆ. ತಟ್ಟೆಗೆ ಇರುವೆ ಹತ್ತುವವರೆಗೆ ಅಲ್ಲೇ ನಿಂತಿದ್ದೆ.

ಅಲ್ಲಿಂದ ನೇರ ಮಾಮಾನ ಮನೆಗೆ ಹೋದೆ. ಅವನು ಒಬ್ಬನೇ ಹೊರಸಿನ ಮೇಲೆ ಕುಳಿತಿದ್ದ.

"ಕೀಲಿ ಎಲ್ಲೈತಿ ಮಾಮಾ?"

"ಇಸಗೊಂಡ್ರು. ಜಮಾತಿನವರು ಕೂಡಿ ತೀರ್ಮಾನ ಮಾಡಿದ್ರು. ನೀ ಇನ್ನ ಅವರ ಮನುಷ್ಯ, ಕೀಲಿ ನಿನ್ನ ಕಡೆ ಬ್ಯಾಡ ಅಂದ್ರು."

"ನಾವು ನಿಮ್ಮ ಬೆನ್ನಿಗೆ ನಿಂತಿದ್ವಿ" ಎಂದೆ.

ಅವನು ಹೊರಸಿನ ಮೇಲೆ ನನಗೆ ಜಾಗ ಮಾಡಿಕೊಟ್ಟ. "ಮಾಸ್ತರ್ರ, ಅಸ್ಲಮ್‌ನ ಮಗ್ಗದ ಶೆಡ್ಡಿಗೆ ನಾ ಐದು ವಾರ ದಿನಾ ಹೋಗೀನಿ. ಅವ ಬೈದಾನ, ನಾ ಕೇಳೀನಿ. ಅವ ಚಹಾ ತರಸ್ತಿದ್ದ, ಇಬ್ರೂ ಕುಡೀತಿದ್ವಿ. ಕಡೀಕ ಒಪ್ಪಿದ್ದ. ಸಭಾ ಬ್ಯಾಡ, ಪಂಜಾ ಕೂಡಸೂಣು ಅಂದಿದ್ದ. ಮರದಿನ ನೀವು ಬೋರ್ಡ್ ಕಟ್ಟಿದ್ರಿ. ನಾ ಒಬ್ಬವ ನಿಜವಾದ ಮುಸಲ್ಮಾನ ಅಂದ್ರ ಉಳದವರು ಯಾರ್ರಿ? ಅಸ್ಲಮ್‌ನ ಅವ್ವ, ನನ್ನ ತಂಗಿ, ಆಕಿ ಯಾರು? ನೀವು ನನ್ನೊಬ್ಬನ್ನ ಛಲೋ ಮಾಡಾಕ ಹೋಗಿ ಎಲ್ಲಾರನ್ನ ಕೆಟ್ಟವರನ್ನ ಮಾಡಿದ್ರಿ. ಎಷ್ಟಕ್ಕ ಮಾರಿಕೊಂಡಿ ಮಾಮಾ ಅಂತ ಕೇಳಿದ ಅಸ್ಲಮ್."

ಬೋಧಕನ ಸಭೆ ನಿಂತುಹೋಗಿತ್ತು. ಈ ಮುದುಕ ಸದ್ದಿಲ್ಲದೆ ಅದನ್ನು ನಿಲ್ಲಿಸಿದ್ದ. ಅದನ್ನು ಮತ್ತೆ ಎಬ್ಬಿಸಿ ಕೂಡಿಸಿದವನು ನಾನು, ಅದೂ ಮೈಕು ಹಿಡಿದು.

ಕೊನೆಗೆ, "ನಾ ಈಗ ಏನ್ ಮಾಡ್ಲಿ ಹೇಳ್ರಿ" ಎಂದೆ.

"ನಮ್ಮವರ ಕೂಡ ನಾ ಮಾತಾಡ್ತೀನಿ, ಅದನ್ನ ನನಗ ಬಿಡ್ರಿ. ನಿಮ್ಮವರ ಕೂಡ ನೀವು ಮಾತಾಡ್ರಿ." ಅವನು ಮೊಬೈಲ್ ತೆಗೆದು ಒಂದು ಸಂದೇಶ ತೋರಿಸಿದ. ಯಾರೋ ಎಲ್ಲೋ ಹುಟ್ಟಿಸಿದ ಹಸಿ ಸುಳ್ಳು. ಇವರು ತಿನ್ನುವ ಪದಾರ್ಥದಲ್ಲಿ ಉಗುಳಿ ಕೊಡುತ್ತಾರೆ, ಇವರ ಕೈಯಿಂದ ಏನನ್ನೂ ತೆಗೆದುಕೊಳ್ಳಬೇಡಿ ಎಂದಿತ್ತು. "ಇದು ನಿಮ್ಮ ವಾಟ್ಸಾಪ್ ಗುಂಪಿನ್ಯಾಗಿಂದ ಅಸ್ಲಮ್‌ಗ ಬಂದೈತಿ. ಇದನ್ನ ಕಳಿಸಿದವರಿಗೆ ನೀ ಸಕ್ಕರಿ ಓದಿ ಕೊಡ್ತಿ ಏನ್ ಮಾಮಾ ಅಂತ ಕೇಳ್ತಾನ. ಕಳಿಸಿದವ ಯಾರು ನೋಡ್ರಿ. ಅವನ ಬಾಯಿಲೇ ಸುಳ್ಳು ಅಂತ ಹೇಳಸ್ರಿ. ಅಷ್ಟ ಸಾಕು, ಅದನ್ನ ಹಿಡಕೊಂಡ ನಾ ಮತ್ತ ಶೆಡ್ಡಿಗೆ ಹೋಗ್ತೀನಿ."

ಇದು ನನಗೆ ಒಗ್ಗುವ ಕೆಲಸ. ಮೂವತ್ತು ವರ್ಷ ಶಾಲೆಯಲ್ಲಿ ಗೋಡೆಗೆ ಮಸಿ ಬಳಿದವನು ಯಾರು ಎಂದು ಹುಡುಕಿದವನು ನಾನು. ಕಳ್ಳ ಯಾರೆಂಬುದೂ ನನಗೆ ಖಾತ್ರಿಯಿತ್ತು. ಅಣ್ಣನ ಮಗ ಸಂಜು, ಆ ಭಾಷಣಕಾರನ ಹಿಂದೆ ಓಡಾಡಿದವನು. ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಗೆಳೆಯರ ಜೊತೆ ಕುಳಿತಿದ್ದ. ಎಲ್ಲರ ಮುಂದೆಯೇ ದಬಾಯಿಸಿದೆ.

"ಏನಲೇ, ಇಂಥಾ ಹೊಲಸು ಯಾವನು ಹಾಕಿದಾವ?"

ಸಂಜು ಸಿಟ್ಟಾಗಲಿಲ್ಲ. ಫೋನು ತೆಗೆದ, ಬೆರಳಿನಿಂದ ಮೇಲೆ ಸರಿಸುತ್ತಾ ಹೋದ, ನನ್ನ ಮುಖದ ಮುಂದೆ ಹಿಡಿದ.

"ನೀವ ಹಾಕೀರಿ ಕಾಕಾ. ಮುಂಜಾನೆ ಐದೂವರಿಗೆ."

ನನ್ನ ಹೆಸರು. ನನ್ನ ಫೋಟೋ, ಪೇಟ ಸುತ್ತಿಕೊಂಡದ್ದು. ಮೇಲೊಂದು ಗುಲಾಬಿ ಹೂವಿನ ಶುಭೋದಯ, ಕೆಳಗೊಂದು ಮೊಣಕಾಲು ನೋವಿನ ಮನೆಮದ್ದು, ನಡುವೆ ಅದು. ನಿವೃತ್ತನಾದ ಮೇಲೆ ಬೇಗ ಎಚ್ಚರವಾಗುತ್ತದೆ. ಬಂದದ್ದನ್ನೆಲ್ಲ ಓದದೆ ಮುಂದೆ ದೂಡುತ್ತೇನೆ. ದೂಡಿದ್ದೆ.

"ಮಾಸ್ತರ್ರ ಹಾಕ್ಯಾರ ಅಂದ್ರ ಖರೇನ ಇರಬೇಕು ಅಂದ್ಕೊಂಡ್ವಿ" ಎಂದ ಸಂಜುವಿನ ಗೆಳೆಯನೊಬ್ಬ. ಅವನಿಗೆ ನಾನೇ ಏಳನೆಯ ಇಯತ್ತೆಯಲ್ಲಿ ಕನ್ನಡ ಕಲಿಸಿದ್ದೆ. ಅವನು ಹಂಗಿಸಲು ಹೇಳಿದ್ದಲ್ಲ, ಅದೇ ನನ್ನನ್ನು ಕೊಂದದ್ದು. ಅಲ್ಲೇ ದ್ರಾಕ್ಷಿಯ ಖಾಲಿ ಕ್ರೇಟಿನ ಮೇಲೆ ಕುಳಿತೆ. ಮಕಾನಕ್ಕೆ ಬೀಗ ಹಾಕಿದವರನ್ನು ನಾನು ಬೆಳಗಿನಿಂದ ಬೈಯುತ್ತಿದ್ದೆನಲ್ಲ.

ಮರುದಿನ ಮುಂಜಾನೆ ಮಗ್ಗದ ಶೆಡ್ಡಿಗೆ ಹೋದೆ. ಅಸ್ಲಮ್ ಮಗ್ಗ ನಿಲ್ಲಿಸಲಿಲ್ಲ. ಆ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಯಿತು, "ಅದನ್ನ ಕಳಿಸಿದಾವ ನಾನು. ಓದಲಾರದ ಕಳಿಸೀನಿ. ಸುಳ್ಳು ಐತಿ. ತಪ್ಪಾತು."

ಅವನು ತುಂಡಾದ ಎಳೆಯೊಂದನ್ನು ಗಂಟು ಹಾಕಿ ಮುಗಿಸಿ ಹೇಳಿದ, "ನನ್ನ ಮುಂದ ಯಾಕ ಹೇಳ್ತೀರಿ? ನಿಮ್ಮ ಗುಂಪಿನ್ಯಾಗ ಹೇಳ್ರಿ."

ಗುಂಪಿನಲ್ಲಿ ಹೇಳಿದೆ. ನನ್ನದೇ ದನಿ ರೆಕಾರ್ಡ್ ಮಾಡಿ, ಅದು ಸುಳ್ಳು, ಕಳಿಸಿದ್ದು ನಾನು, ಬೋರ್ಡಿನ ಮೇಲೆ ಬರೆದದ್ದೂ ತಪ್ಪು ಎಂದು. ಸಂಜೆಯೊಳಗೆ ಉತ್ತರಗಳು ಬಂದವು. ಕೆಲವರು ಗುಂಪು ಬಿಟ್ಟು ಹೋದರು. ಒಬ್ಬ, ಮಾಸ್ತರ ಇನ್ನು ಮುಂದೆ ಟೋಪಿ ಹಾಕಿಕೊಂಡು ತಿರುಗಲಿ ಎಂದ. ನನ್ನ ಖಾಸಾ ಗೆಳೆಯ, ನಲವತ್ತು ವರ್ಷ ಜೊತೆಗೆ ವಾಕಿಂಗ್ ಹೋದವನು, ಎರಡೇ ಪದ ಬರೆದಿದ್ದ, ‘ಎಷ್ಟು ಕೊಟ್ರು?’ ಅದನ್ನು ಓದಿ ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡೆ. ದಸ್ತಗೀರ ಮಾಮಾ ತನ್ನ ಸ್ವಂತ ತಂಗಿಯ ಮಗನ ಬಾಯಿಂದ ಇದನ್ನೇ ಕೇಳಿದ್ದ.

ಅಂದಿನಿಂದ ನಾನು ವಾರಕ್ಕೆರಡು ಸಲ ಸಂಜುವಿನ ಶೆಡ್ಡಿಗೆ ಹೋಗುತ್ತೇನೆ. ಮೈಕಿಲ್ಲ, ಬ್ಯಾನರಿಲ್ಲ. ಅವರು ಬೈಯುತ್ತಾರೆ, ನಾನು ಕೇಳುತ್ತೇನೆ. ಕೇಳುವುದು ಇಷ್ಟು ಕಷ್ಟವೆಂದು ಮೇಷ್ಟ್ರಾದವನಿಗೆ ಯಾರೂ ಹೇಳಿರುವುದಿಲ್ಲ. ಸಂಜು ಒಮ್ಮೊಮ್ಮೆ ಜಾಗ ಮಾಡಿಕೊಡುತ್ತಾನೆ, ಒಮ್ಮೊಮ್ಮೆ ನಾನು ಬಂದೆನೆಂದು ಎದ್ದೇ ಹೋಗುತ್ತಾನೆ.

ಅಥಣಿಯಿಂದ ಬಂದ ಮರುದಿನ ಮಧ್ಯಾಹ್ನ ದಸ್ತಗೀರ ಮಾಮಾನ ಫೋನ್ ಬಂತು. ಮಕಾನದ ಕೀಲಿ ಇನ್ನೂ ಜಮಾತಿನವರ ಹತ್ತಿರವೇ ಇದೆ, ಈ ಸಲದ ಮೊಹರಮ್ಮಿಗೆ ತೆರೆಯುತ್ತದೋ ಇಲ್ಲವೋ ಗೊತ್ತಿಲ್ಲ ಎಂದ. ನೀವು ಗುಂಪಿನಲ್ಲಿ ತಪ್ಪೊಪ್ಪಿಕೊಂಡ ಆ ದನಿಯನ್ನು ಅಸ್ಲಮ್ ಇಷ್ಟು ದಿನ ಇಟ್ಟುಕೊಂಡು ನಿನ್ನೆ ತನ್ನ ಗುಂಪಿಗೆ ಹಾಕಿದ ಎಂದ.

"ಇವತ್ತ ಶೆಡ್ಡಿನ್ಯಾಗ ನನಗ ಚಹಾ ತರಸಿದ್ದ, ಮಾಸ್ತರ್ರ."

ಬಹಳ ಚಲೋ ಆಯಿತು ಎಂದೆ.

"ನಿಮ್ಮವರು?" ಎಂದ.

"ಇನ್ನೂ ಇಲ್ಲ" ಎಂದು ಹೇಳಿ, ಚಪ್ಪಲಿ ಮೆಟ್ಟಿ ಸಂಜುವಿನ ಶೆಡ್ಡಿನ ಕಡೆ ಹೊರಟೆ.